ಹುಳ ಎಲ್ಲಿಕ್ಕೋದು?

ಆರ್ಕಿಟೆಕ್ಟ್ ಕಳಿಸಿದ ತ್ರೀಡಿ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಾ ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಗಾಜಿನ ಗೋಡೆ, ಅದರಾಚೆ ಹುಲ್ಲುಹಾಸು, ಅದರಾಚೆ ಹಿಪ್ಪುನೇರಳೆ ತೋಟ, ದೂರದಲ್ಲಿ ನಂದಿ ಬೆಟ್ಟ. ಅಮ್ಮ ಎರಡು ಸಲ ನೋಡಿ, "ಚೆನ್ನಾಗೈತೆ ಕಣಪ್ಪಾ. ಹುಳ ಎಲ್ಲಿಕ್ಕೋದು?" ಅಂದಳು.

ಶಿಡ್ಲಘಟ್ಟದ ಕಡೆಯವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾನು ಹುಟ್ಟಿದ ಮನೆಯಲ್ಲಿ ನಡುಮನೆ ಇದ್ದದ್ದು ರೇಷ್ಮೆ ಹುಳುಗಳಿಗೆ. ಮೂರನೇ ಜ್ವರ ಎದ್ದವು ಅಂದರೆ ನಮ್ಮ ಚಾಪೆ, ಹೊದಿಕೆ ಎಲ್ಲ ಜಗಲಿಗೆ. ಊದುಬತ್ತಿ ಹಚ್ಚುವ ಹಾಗಿಲ್ಲ, ಸೊಳ್ಳೆ ಬತ್ತಿ ಇಲ್ಲ, ಬೀಡಿ ಸೇದುವ ನೆಂಟರಿಗೆ ಹೊಂಗೆ ಮರದ ಕೆಳಗೆ ಜಾಗ. ಹುಳುವಿನ ಮೇಯುವ ಆಯಸ್ಸು ಸುಮಾರು 25 ದಿನ. ಅದು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಕೊನೆಯ ಒಂದೇ ವಾರದಲ್ಲಿ. ಆ ವಾರ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆ ಇರುತ್ತಿರಲಿಲ್ಲ. ನನ್ನ ಬಿಇ ಫೀಸು ಬಂದದ್ದು ಆ ಗೂಡಿನಿಂದ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾಗಿ.

ಈಗ ಮೂರೆಕರೆ ತೋಟ ನೋಡಿಕೊಳ್ಳುವವನು ತಮ್ಮ. ಹಳೇ ಮನೆ ಸೋರುತ್ತಿದೆ, ಹೊಸದು ಕಟ್ಟಬೇಕು. ದುಡ್ಡು ನನ್ನದು. ನಕ್ಷೆ ಕಳಿಸಿದಾಗ ಅವನು ಹೇಳಿದ್ದು ಇಷ್ಟೇ: "ನಿನ್ನ ದುಡ್ಡು ಅಣ್ಣ, ನಿನ್ನಿಷ್ಟ." ನಾನದನ್ನು ಒಪ್ಪಿಗೆ ಅಂದುಕೊಂಡೆ.

ಆಫೀಸಿನಲ್ಲಿ ಯೂಸರ್ ಯಾರು ಅಂತ ಕೇಳದೆ ಒಂದು ಸ್ಕ್ರೀನ್ ಕೂಡ ಮಾಡುವವನಲ್ಲ ನಾನು. ಇಲ್ಲಿ ಮಾತ್ರ ಕೇಳಲೇ ಇಲ್ಲ. ವರ್ಷಕ್ಕೆ ಹೆಚ್ಚೆಂದರೆ 30 ದಿನ ಊರಿನಲ್ಲಿರುವ ನಾನು, 365 ದಿನ ಇರುವವರ ಮನೆಯನ್ನು ನನ್ನ ವೀಕೆಂಡಿಗೆ ತಕ್ಕ ಹಾಗೆ ಬರೆಸಿದ್ದೆ. ಹುಲ್ಲುಹಾಸನ್ನೇ ನೋಡಿ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ಬೋರ್‌ವೆಲ್‌ನಲ್ಲಿ ನೀರು ಸಿಗುವ ಖಾತ್ರಿಯಿಲ್ಲ. ಬೆಂಗಳೂರಿನಲ್ಲಿ ನಾವು ಬಳಸಿ ಬಿಟ್ಟ ನೀರನ್ನೇ ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರೆ. ಅಂಥ ಊರಲ್ಲಿ ನನಗೆ ಬರಿಗಾಲಲ್ಲಿ ನಡೆಯಲು ಹುಲ್ಲು ಬೇಕಿತ್ತು.

ತಪ್ಪು ಅರಿವಾದ ಮೇಲೆ ಇನ್ನೊಂದು ತುದಿಗೆ ಹೋದೆ. ಜಪಾನಿನ ಶಿರಾಕಾವಾ-ಗೋ ಎಂಬ ಹಳ್ಳಿಯ ಬಗ್ಗೆ ಓದಿದೆ. ಅಲ್ಲಿಯ ಹಳೆಯ ರೈತರ ಮನೆಗಳಿಗೆ ಕಡಿದಾದ ದೊಡ್ಡ ಹುಲ್ಲಿನ ಸೂರು. ಕೆಳಗೆ ಜನ, ಮೇಲಿನ ಅಟ್ಟಗಳಲ್ಲಿ ರೇಷ್ಮೆ ಹುಳು! ನಮ್ಮ ನಡುಮನೆಯ ಜಪಾನೀ ಅಣ್ಣ ಅನಿಸಿ ರೋಮಾಂಚನವಾಯಿತು. ಮೇಲೆ ಹುಳು ಸಾಕುವ ಮಹಡಿ, ಕೆಳಗೆ ನಾವು, ಹೀಗೆ ಹೊಸ ನಕ್ಷೆ ಹಾಕಿಸಿದೆ. ಅಮ್ಮ ನೋಡಿ, "ಮತ್ತೆ ಹುಳದ ಜೊತೇಲೇ ಮಲಗ್ಲಾ? ಮೂವತ್ತು ವರ್ಷ ಮಲಗಿದೀನಿ, ಸಾಲ್ದಾ?" ಅಂದಳು. ಅವಳಿಗೆ ಬೇಕಾಗಿದ್ದದ್ದು ಹುಳುವಿನ ಮನೆಗೂ ತನ್ನ ಮನೆಗೂ ನಡುವೆ ಒಂದು ಅಂಗಳ. ಬ್ಲೀಚಿಂಗ್ ವಾಸನೆ ಬಾರದ ಅಡುಗೆಮನೆ. ರಸ್ತೆಯಲ್ಲಿ ಹೋಗಿಬರುವವರು ಕಾಣುವ ಒಂದು ಕಿಟಕಿ.

ಹಾಗಾದರೆ ಮೊದಲ ನಕ್ಷೆಯಲ್ಲಿ ನನ್ನ ಶೋಕಿ ಇತ್ತು, ಎರಡನೆಯದರಲ್ಲಿ ನನ್ನ ಬಾಲ್ಯ. ಎರಡರಲ್ಲೂ ಅವರಿರಲಿಲ್ಲ.

ಆಮೇಲೆ ತಮ್ಮನ ಹೆಂಡತಿಯನ್ನು ಕೇಳಿದೆ. ಅವಳು ತಕ್ಷಣ ಹೇಳಿದ್ದು ಬಾಗಿಲ ಮುಂದಿನ ಮೂರು ಮೆಟ್ಟಿಲ ಬಗ್ಗೆ: "ತಲೆ ಮೇಲೆ ಸೊಪ್ಪಿನ ಹೊರೆ ಇದ್ರೆ ಮೆಟ್ಟಿಲು ಕಾಣಲ್ಲ ಭಾವ." ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದಳು. ನನ್ನ ನಕ್ಷೆಯಲ್ಲಿ ನಾಲ್ಕು ಬಾತ್‌ರೂಂ ಇದ್ದವು. ಸೊಪ್ಪು ಕೊಯ್ಯಲು ಬರುವ ಆರು ಹೆಂಗಸರಿಗೆ ಒಂದೂ ಇರಲಿಲ್ಲ. ನನಗದು ಹೊಳೆದೇ ಇರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಚುಚ್ಚಿತು.

ನನ್ನ ದುಡ್ಡಿಗೆ, ನನ್ನ ಆಸೆಗೆ ಬೆಲೆಯೇ ಇಲ್ಲವೇ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಚೆಂದದ ಮನೆ ಬಯಸುವುದು ಪಾಪವಲ್ಲ. ಅಮ್ಮನ ಕಿಟಕಿಯೂ ಚೆಂದಕ್ಕೇ. ಆದರೆ ಭೂಕಂದಾಯ ಕಾಯಿದೆಯ 95ನೇ ಕಲಂ ಕೂಡ ಕೃಷಿಕನಿಗೆ ಹಿಡುವಳಿಯ ಶೇಕಡಾ 10ರೊಳಗೆ ತೋಟದ ಮನೆ ಕಟ್ಟಲು ಅನುಮತಿ ಕೊಡುವುದು ಅವನು ಬೇಸಾಯ ಮಾಡುತ್ತಾನೆ ಎಂಬ ಕಾರಣಕ್ಕೆ. ಅಂದರೆ ತೋಟದಿಂದ ಮನೆ, ಮನೆಯಿಂದ ತೋಟವಲ್ಲ. ದುಡ್ಡಿನಿಂದ ಮನೆ ಎದ್ದೇಳುತ್ತದೆ, ನಿಜ. ಆದರೆ ಯಾರ ಸೊಂಟ ಎಷ್ಟು ಸಲ ಬಾಗಬೇಕು ಎಂದು ತೀರ್ಮಾನಿಸುವ ಅಧಿಕಾರ ದುಡ್ಡಿನ ಜೊತೆ ಬರುವುದಿಲ್ಲ.

ಶಿರಾಕಾವಾ-ಗೋ 1995ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಮನೆಗಳು ಚೆನ್ನಾಗಿ ಉಳಿದಿವೆ. ಆದರೆ ಆ ಅಟ್ಟಗಳಿಗೆ ರೂಪ ಕೊಟ್ಟ ರೇಷ್ಮೆ ಕಸುಬು ಹೋಗಿದೆ, ಈಗ ಅಲ್ಲಿ ಹತ್ತುವವರು ಪ್ರವಾಸಿಗರು. ನನಗೆ ಭಯವಾಗುವುದು ಇದೇ. ತಮ್ಮ ಸುಸ್ತಾಗಿ ಒಂದು ದಿನ ಬಿಟ್ಟರೆ, ನನ್ನ ಗಾಜಿನ ಗೋಡೆಯಾಚೆ ನೋಡಲು ತೋಟವೇ ಇರುವುದಿಲ್ಲ. "ನಿನ್ನಿಷ್ಟ" ಅನ್ನುವುದು ಒಪ್ಪಿಗೆಯಲ್ಲ, ಕೈಬಿಡುವುದರ ಮೊದಲ ಹೆಜ್ಜೆ ಅಂತ ನನಗೆ ಅರ್ಥವಾಗಲು ಮೂರು ನಕ್ಷೆ ಬೇಕಾದವು.

ಈಗ ಮೊದಲು ಹುಳುವಿನ ಮನೆ, ಊಜಿ ನೊಣ ಬಾರದ ಹಾಗೆ ಜಾಲರಿ ಹಾಕಿ. ಕೆಲಸದವರಿಗೆ ಶೌಚಾಲಯ, ಕೈಕಾಲು ತೊಳೆಯುವ ಜಾಗ. ಆಮೇಲೆ ಮೊದಲಿನ ಅರ್ಧ ಅಳತೆಯ ಮನೆ, ಮೆಟ್ಟಿಲಿಲ್ಲದ ಬಾಗಿಲು. ಹುಲ್ಲುಹಾಸು ಹೋಯಿತು. ನನ್ನ ಕೋಣೆಯಿಂದ ಕಾಣುವುದು ಹುಳುವಿನ ಮನೆಯ ಗೋಡೆ. ಬೆಟ್ಟ ನೋಡಬೇಕಾದರೆ ತಾರಸಿಗೆ ಹೋಗಬೇಕು. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ.

ಮೊನ್ನೆ ರಾತ್ರಿ ತಮ್ಮ ಫೋನ್ ಮಾಡಿದ್ದ. ಮೋರಿ ಯಾವ ಕಡೆ ಬರಬೇಕು ಅಂತ ಅರ್ಧ ಗಂಟೆ ಜಗಳ. "ನಿಂಗೇನೂ ಗೊತ್ತಾಗಲ್ಲ ಅಣ್ಣ, ಸುಮ್ನಿರು" ಅಂದ. ಫೋನಿಟ್ಟು ನೆಮ್ಮದಿಯಾಗಿ ಮಲಗಿದೆ.