ಕಡೆಯ ತೂಬಿನ ಪಾಲು

ಕನ್ನಡಿಗರ ಸಂಸಾರದಲ್ಲಿ ‘ಪಾಲು’ ಎಂಬ ಮಾತಿನಷ್ಟು ದುಡಿದ ಮಾತು ವಿರಳ. ಅಣ್ಣತಮ್ಮಂದಿರು ಬೇರೆಯಾಗುವಾಗ ಆಗುವುದು ಪಾಲು. ಒಬ್ಬರ ಹೊಲವನ್ನು ಇನ್ನೊಬ್ಬರು ಉತ್ತು ಬೆಳೆದುದನ್ನು ಹಂಚಿಕೊಳ್ಳುವುದಾದರೆ ಅದು ಪಾಲಿನ ಬೇಸಾಯ. ವ್ಯಾಪಾರದಲ್ಲಿ ಕೂಡಿದವರು ಪಾಲುದಾರರು. ಉತ್ಸವಕ್ಕೆ ಬಂದವರು ಅದರಲ್ಲಿ ಪಾಲ್ಗೊಂಡವರು. ಮನುಷ್ಯನ ಸುಖದುಃಖಗಳು ಕೂಡ ಅವನ ಪಾಲಿಗೆ ಬಂದುವುಗಳೇ. ಒಡೆಯುವುದು, ಭಾಗವಾಗುವುದು ಎಂಬ ಅರ್ಥದ ‘ಪಗು’ ಎಂಬ ಹಳೆಯ ಧಾತುವಿನ ಬಳಗಕ್ಕೆ ಸೇರಿದ ಈ ಮಾತು, ಮನೆಯನ್ನು ಒಡೆಯುವಲ್ಲಿಯೂ ಜನರನ್ನು ಕೂಡಿಸುವಲ್ಲಿಯೂ ಒಂದೇ ಸಮನಾಗಿ ಸಲ್ಲುತ್ತ ಬಂದಿದೆ. ಆ ಎರಡು ಬಗೆಯ ಬಾಳನ್ನೂ ಒಟ್ಟಿಗೇ ಕಾಣಬಯಸುವವರು ರಾಯಚೂರು ಜಿಲ್ಲೆಯ ಸಿಂಧನೂರಿನ ಸೀಮೆಗೆ ಹೋಗಬೇಕು.

ಸಿಂಧನೂರಿನ ಆಸುಪಾಸಿನಲ್ಲಿ ಆರ್.ಎಚ್. ಕ್ಯಾಂಪ್ ಎಂದು ಕರೆಯಿಸಿಕೊಳ್ಳುವ, ಅಂಕೆಯಿಂದ ಗುರುತಿಸಲ್ಪಡುವ ಊರುಗಳಿವೆ. ದೇಶವೇ ಪಾಲಾದಾಗ ಪೂರ್ವ ಬಂಗಾಳದಲ್ಲಿ ಮನೆ, ಹೊಲ, ಹೊಳೆಗಳನ್ನು ಕಳೆದುಕೊಂಡು, ಶಿಬಿರದಿಂದ ಶಿಬಿರಕ್ಕೆ ಅಲೆದ ಕುಟುಂಬಗಳಿಗೆ 1970ರ ದಶಕದಲ್ಲಿ ಸರಕಾರವು ಇಲ್ಲಿ ನೆಲ ಕೊಟ್ಟು ನೆಲೆಗೊಳಿಸಿತು; ‘ಆರ್.ಎಚ್.’ ಎಂಬ ಎರಡಕ್ಷರವು ಆ ಪುನರ್ವಸತಿಯ ಇಂಗ್ಲಿಷ್ ಹೆಸರಿನಿಂದ ಉಳಿದುದು. ಹೊಳೆಯ ಮಡಿಲಲ್ಲಿ ಬತ್ತ ಬೆಳೆದು, ಮೀನು ಹಿಡಿದು ಬಾಳಿದವರು ಎರೆಭೂಮಿಯ, ಜೋಳದ ನಾಡಿಗೆ ಬಂದರು. ಮನೆಯೊಳಗೆ ಬಂಗಾಳಿ, ಶಾಲೆ ಸಂತೆಗಳಲ್ಲಿ ಕನ್ನಡ, ಶರತ್ಕಾಲದಲ್ಲಿ ದುರ್ಗಾಪೂಜೆ: ಹೀಗೆ ಅವರು ಈ ಮಣ್ಣಿನಲ್ಲಿ ಬೇರೂರಿದ ಬಗೆಯನ್ನು, ತಾವೂ ಪರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ಈ ಸಂಚಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಸೀಮೆಯ ಬೇಸಾಯದ ಜೀವ ತುಂಗಭದ್ರೆಯ ಎಡದಂಡೆ ಕಾಲುವೆ. 1945ರಲ್ಲಿ ಹೈದರಾಬಾದು ಸಂಸ್ಥಾನವೂ ಮದರಾಸು ಪ್ರಾಂತವೂ ಕೂಡಿ ಅಡಿಗಲ್ಲಿಟ್ಟು, 1953ರಲ್ಲಿ ನೀರು ನಿಲ್ಲಿಸಿದ ಆ ಜಲಾಶಯದಿಂದ ಹೊರಟ ಈ ಕಾಲುವೆ, ಗಂಗಾವತಿ, ಕಾರಟಗಿಗಳ ಕಡೆಯಿಂದ ಸಿಂಧನೂರನ್ನು ಹಾದು, ಮಾನ್ವಿ, ಸಿರವಾರ, ರಾಯಚೂರುಗಳ ಕಡೆಗೆ 200 ಕಿಲೋಮೀಟರಿಗೂ ಮಿಕ್ಕಿ ಹರಿಯುತ್ತದೆ. ಇದನ್ನು ಯೋಜಿಸಿದವರು ಬತ್ತದ ಕಣಜವೊಂದನ್ನು ಕಟ್ಟಲು ಹೊರಟವರಲ್ಲ. ಬರಗಾಲಕ್ಕೆ ಹೆಸರಾದ ನಾಡಿನಲ್ಲಿ ಜೋಳ, ಹತ್ತಿ, ಶೇಂಗಾಗಳಂಥ ಅರೆ ನೀರಾವರಿಯ ಬೆಳೆಗಳಿಗೆ, ಆದಷ್ಟು ಹೆಚ್ಚು ಜನರಿಗೆ, ಆದಷ್ಟು ತೆಳುವಾಗಿ ನೀರನ್ನು ಹರಡಬೇಕೆಂಬುದು ಅವರ ಸಂಕಲ್ಪವಾಗಿತ್ತು. ಯಾವ ಹೊಲದಲ್ಲಿ ಯಾವ ಬೆಳೆ ಎಂಬುದನ್ನು ಸರ್ವೇ ನಂಬರಿನ ಸಮೇತ ಗೊತ್ತುಪಡಿಸಿ, ಬತ್ತಕ್ಕೆ ಅಲ್ಪ ಭಾಗವನ್ನು ಮಾತ್ರ ಅವರು ಬಿಟ್ಟಿದ್ದರು. ಆದರೆ ನೀರು ಬಂತು. ನೀರಿನ ಹಿಂದೆ ಕರಾವಳಿ ಆಂಧ್ರದಿಂದ ಬತ್ತದ ಬೇಸಾಯದಲ್ಲಿ ನಿಪುಣರಾದ ರೈತರು ಬಂದು ತಮ್ಮ ಕ್ಯಾಂಪುಗಳನ್ನು ಕಟ್ಟಿದರು. ಬತ್ತದ ಲಾಭವನ್ನು ಕಂಡ ಸ್ಥಳೀಯರೂ ಅದೇ ಹಾದಿ ಹಿಡಿದರು. ಎರಡು ಬೆಳೆಯ ಬತ್ತ ಮೇಲ್ಭಾಗದ ನೀರನ್ನು ಕುಡಿಯತೊಡಗಿದಂತೆ ಕಾಗದದ ಮೇಲಿನ ಪಾಲು ಕಾಗದದ ಮೇಲೆಯೇ ಉಳಿಯಿತು. ಇದರಲ್ಲಿ ದುಡಿದು ಉಂಡವರ ತಪ್ಪನ್ನಷ್ಟೇ ಎಣಿಸುವುದು ಅನ್ಯಾಯವಾದೀತು. ಕಣ್ಣೆದುರಿಗೆ ಹರಿಯುವ ನೀರನ್ನು ಕಾಣದವರ ಪಾಲಿಗೆಂದು ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಪೀಟರ್ ಮೊಲಿಂಗ ಎಂಬ ಡಚ್ ವಿದ್ವಾಂಸರು ಈ ಕಾಲುವೆಯ ನೀರು ಹಂಚಿಕೆಯನ್ನೇ ತಮ್ಮ ಅಧ್ಯಯನಕ್ಕೆ ವಸ್ತುವಾಗಿ ಆರಿಸಿಕೊಂಡುದು ಸಹಜವೇ ಆಗಿದೆ.

ಆದುದರಿಂದಲೇ ಈ ಸೀಮೆಯಲ್ಲಿ ಪಾಲು ಎಂದರೆ ಪಾಳಿ. ಮೇಲಿನವರಿಗಿಷ್ಟು ದಿನ, ಕೆಳಗಿನವರಿಗಿಷ್ಟು ದಿನ ಎಂದು ಕಾಲವನ್ನು ಹಂಚದೆ ನೀರನ್ನು ಹಂಚಲಾಗದು. ‘69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ?’ ಎಂಬುದು ಇಲ್ಲಿಯ ಕೆಳಭಾಗದ ರೈತನ ನಿತ್ಯದ ಪ್ರಶ್ನೆ. ಗೇಜ್ ಇಳಿದರೆ ಅವನು ಹೆದ್ದಾರಿಯಲ್ಲಿ ಕೂತಾನು, ಕಚೇರಿಗೆ ಮುತ್ತಿಗೆ ಹಾಕಿಯಾನು. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂದು ನಮ್ಮ ಹಿರಿಯರು ತೃಪ್ತಿಯನ್ನು ಬೋಧಿಸಿದರು. ಗಾದೆ ಸುಳ್ಳಾಗದೆಂಬ ನಂಬಿಕೆ ನನಗೂ ಉಂಟು, ಆದರೆ ಅದನ್ನು ಮೇಲಿನ ತೂಬಿನವನು ತನಗೆ ತಾನೇ ಹೇಳಿಕೊಂಡರೆ ವಿವೇಕವಾದೀತೇ ಹೊರತು, ಒಣಗಿದ ಹೊಲದೆದುರು ನಿಂತವನಿಗೆ ಹೇಳಿದರೆ ಕ್ರೌರ್ಯವಾಗುತ್ತದೆ. ಊಟದ ಸಾಲಿನಲ್ಲಿ ಕಡೆಯ ಎಲೆಗೆ ಬಡಿಸಿದ ಮೇಲಲ್ಲವೆ ಮೊದಲ ಎಲೆಯವನು ಕೈಯಿಡಬೇಕಾದುದು? ಪಾಲೆಂಬುದು ನಮಗೆ ಬಂದ ಭಾಗವಷ್ಟೇ ಆಗಿರದೆ, ನಮಗಿಂತ ಮುಂದೆ ಕುಳಿತವರು ಬಿಟ್ಟ ಭಾಗವೂ ಆಗಿರುವುದನ್ನು ಈ ಕಾಲುವೆಯಷ್ಟು ಸ್ಪಷ್ಟವಾಗಿ ತೋರುವ ಸ್ಥಳ ನನಗೆ ಬೇರೆ ಗೊತ್ತಿಲ್ಲ.

ಹಂಚಬೇಕಾದುದೂ ಈಗ ಕಿರಿದಾಗಿದೆ. ಮೊದಲಿಗೆ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ನಿಲ್ಲುತ್ತದೆ. ಸಾಲದುದಕ್ಕೆ, ಜಲಾಶಯ ತುಂಬಿ ನಿಂತಿದ್ದ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿವ ನೀರಿನ ನಡುವೆಯೇ ತಡೆಗೇಟನ್ನು ಇಳಿಸಿ ನೀರನ್ನು ನಿಲ್ಲಿಸುವವರೆಗೆ, ಮೇಲಿನವರು ಕೆಳಗಿನವರೆಂಬ ಭೇದವಿಲ್ಲದೆ ಇಡೀ ಸೀಮೆ ಒಂದೇ ಆತಂಕದಲ್ಲಿ ಪಾಲ್ಗೊಂಡಿತು.

ಪ್ರತಿ ಹಂಗಾಮಿಗೂ ನೀರಾವರಿ ಸಲಹಾ ಸಮಿತಿ ಕೂಡುತ್ತದೆ. ಕಾಲುವೆಗೆ ಎಂದು ನೀರು, ಎಷ್ಟು ನೀರು, ಎಂದಿನವರೆಗೆ ಎಂಬುದನ್ನು ನಿರ್ಣಯಿಸುತ್ತದೆ. ಲೆಕ್ಕ ಅಣೆಕಟ್ಟಿನಿಂದ ಆರಂಭವಾಗಿ ಕೆಳಕ್ಕಿಳಿಯುವುದು ರೂಢಿ. ಕಡೆಯ ತೂಬಿನ ಒಂದು ಬೆಳೆಗೆ ಬೇಕಾದುದನ್ನು ಮೊದಲು ಬರೆದಿಟ್ಟು, ಅಲ್ಲಿಂದ ಮೈಲಿಮೈಲಿಯಾಗಿ ಮೇಲಕ್ಕೆ ಎಣಿಸುತ್ತ ಬಂದು, ಉಳಿದುದರಲ್ಲಿ ಎರಡನೆಯ ಬೆಳೆಯ ಬತ್ತಕ್ಕೆ ಎಷ್ಟೆಂಬುದನ್ನು ಕೊನೆಯಲ್ಲಿ ಗೊತ್ತುಮಾಡುವ ಕ್ರಮವನ್ನು ಒಂದು ವರ್ಷವಾದರೂ ಆ ಸಭೆ ಪರೀಕ್ಷಿಸಿ ನೋಡಬೇಕೆಂಬುದು ನನ್ನ ಬಿನ್ನಹ.