ಕುರುಹಿನ ಕುಂದು

ಕುರುಹಿಗೂ ಅರಿವಿಗೂ ಇರುವ ಸಂಬಂಧವನ್ನು ಶರಣರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಕುರುಹು ಅರಿವನ್ನು ಎಚ್ಚರಿಸುವ ಸಾಧನ. ಕುರುಹಿನ ಅಂದಕ್ಕೆ ಮರುಳಾಗಿ ಅರಿವನ್ನು ಮರೆತವನು ದಾರಿತಪ್ಪಿದವನು. ಈ ವಿವೇಚನೆ ಪೂಜಾಗೃಹಕ್ಕೆ ಮಾತ್ರ ಸೀಮಿತವಾದುದಲ್ಲ. ಗೃಹಸ್ಥನ ಪೆಟ್ಟಿಗೆಯಲ್ಲಿರುವ ಹಳೆಯ ಛಾಯಾಚಿತ್ರವೂ ಒಂದು ಕುರುಹೇ. ಆ ಕುರುಹಿನಲ್ಲಿ ಕುಂದಿದ್ದರೆ ಅದನ್ನು ತಿದ್ದಬಹುದೇ, ತಿದ್ದಿದರೆ ಎಷ್ಟರಮಟ್ಟಿಗೆ, ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ದೂರದೇಶದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್ ಎಂಬ ಊರಿನಲ್ಲಿ, ಕಿತ್ತಳೆಯ ತೋಟಗಳಿದ್ದ ನೆಲದ ಮೇಲೆ, ಚಲಚ್ಚಿತ್ರ ನಿರ್ಮಾಪಕನಾದ ವಾಲ್ಟ್ ಡಿಸ್ನಿಯು ವಿಶಾಲವಾದ ವಿನೋದೋದ್ಯಾನವೊಂದನ್ನು ಕಟ್ಟಿಸಿದನು. 1955ನೆಯ ಜುಲೈ 17ರಂದು ತೆರೆದ ಆ ಉದ್ಯಾನದ ಹೆಸರು ಡಿಸ್ನಿಲ್ಯಾಂಡ್. ಅಲ್ಲಿಯ ಕೋಟೆಯ ಎತ್ತರ ಕೇವಲ 77 ಅಡಿ. ಮೇಲೆ ಹೋದಂತೆಲ್ಲ ಕಲ್ಲುಗಳ ಆಕಾರವನ್ನು ಕಿರಿದುಗೊಳಿಸಿ, ನೋಡುವವರಿಗೆ ಅದು ಬಹಳ ಎತ್ತರವೆಂಬ ಭ್ರಮೆ ಹುಟ್ಟುವಂತೆ ಮಾಡಲಾಗಿದೆ. ಇಷ್ಟು ಯೋಜನೆಯಿದ್ದರೂ ತೆರೆದ ದಿನವೇ ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಪಾದರಕ್ಷೆಗಳ ಹಿಮ್ಮಡಿಗಳು ಹೂತುಕೊಂಡವು. ಮನುಷ್ಯನು ಕಟ್ಟಿದುದರಲ್ಲಿ ಕುಂದು ಇರುವುದು ಸಹಜವೇ ಸರಿ.

ಆ ಕಾಲದಲ್ಲಿ ಅಲ್ಲಿಗೆ ಹೋದ ಕುಟುಂಬಗಳು ತೆಗೆದ ಚಿತ್ರಗಳು ಅನೇಕ. ಅಂಗಡಿಯಲ್ಲಿ ಮಾರುವ ಚಿತ್ರದಲ್ಲಿ ಆಕಾಶ ನಿರ್ಮಲ, ಕೋಟೆ ನೆಟ್ಟಗೆ. ಗೃಹಸ್ಥನ ಚಿತ್ರದಲ್ಲಿ ಕೋಟೆ ವಾಲಿರುತ್ತದೆ. ಕೈ ಅಲುಗಿ ಮಗುವಿನ ಮುಖ ಮಸಕಾಗಿರುತ್ತದೆ. ಅಪರಿಚಿತನೊಬ್ಬನ ಭುಜ ಅಡ್ಡ ಬಂದಿರುತ್ತದೆ. ಸುರುಳಿಯನ್ನು ಮುಂದೆ ತಿರುಗಿಸಲು ಮರೆತು ಒಂದರ ಮೇಲೊಂದು ಎರಡು ದೃಶ್ಯಗಳು ಬಿದ್ದಿರುತ್ತವೆ. ಸುರುಳಿಯನ್ನು ತೊಳೆದು ತರುವವರೆಗೆ ಮೂಡಿದುದೇನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲಕ್ರಮದಲ್ಲಿ ಕೆಲವು ಬಗೆಯ ಸುರುಳಿಗಳ ಬಣ್ಣ ಅಳಿದು ಚಿತ್ರವೆಲ್ಲ ಕೆಂಪಡರಿದೆ.

ಇಂದು ಗಣಕಯಂತ್ರವು ಈ ಕುಂದುಗಳನ್ನೆಲ್ಲ ಕ್ಷಣಾರ್ಧದಲ್ಲಿ ನೀಗಬಲ್ಲುದು. ಅಪರಿಚಿತನನ್ನು ಅಳಿಸಬಹುದು, ಅಳುವ ಮಗುವನ್ನು ನಗಿಸಬಹುದು. ತನ್ನ ಮನೆಯ ಚಿತ್ರವನ್ನು ತಾನು ತಿದ್ದಿಕೊಂಡರೆ ಯಾರಿಗೇನು ಹಾನಿಯೆಂದು ಕೇಳುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಧೂಳನ್ನು ಒರೆಸುವುದು, ಮಾಸಿದ ಬಣ್ಣವನ್ನು ಮರಳಿ ತರುವುದು ಕನ್ನಡಿಯನ್ನು ಒರೆಸಿದಂತೆ. ಅದು ಇದ್ದುದನ್ನು ಕಾಣಿಸುತ್ತದೆ. ಆದರೆ ಮಸಕಾದ ಮುಖಕ್ಕೆ ಯಂತ್ರವು ಕೊಟ್ಟ ಕಣ್ಣುಮೂಗು ಆ ಮಗುವಿನದಲ್ಲ, ಅನ್ಯರ ಮುಖಗಳಿಂದ ಊಹಿಸಿದುದು. ಮುಂದೆ ಮೊಮ್ಮಗನು ಅದನ್ನೇ ತನ್ನ ಅಜ್ಜಿಯ ಬಾಲ್ಯರೂಪವೆಂದು ನಂಬುವನು. ಇಲ್ಲದುದನ್ನು ಇತ್ತೆಂದು ತೋರಿಸುವುದು ಮನೆಯೊಳಗೆ ನಡೆದರೂ ಹುಸಿಯೇ.

ಮತ್ತೊಂದು ವಿಷಯವುಂಟು. ಅಂದು ಅಡ್ಡಿಯೆನಿಸಿದುದು ಇಂದು ಸಾಕ್ಷಿಯಾಗುತ್ತದೆ. ಆ ಉದ್ಯಾನದಲ್ಲಿ ತಂತಿಯ ಮೇಲೆ ಸಾಗುವ ತೊಟ್ಟಿಲುಗಳು 1956ರಲ್ಲಿ ಬಂದು 1994ರಲ್ಲಿ ನಿಂತುಹೋದವು. ಅನೇಕ ಚಿತ್ರಗಳ ಮೂಲೆಯಲ್ಲಿ ಬೇಡದೆ ಸಿಕ್ಕಿಕೊಂಡ ಅವು ಈಗ ಅಲ್ಲಿ ಮಾತ್ರ ತೂಗುತ್ತಿವೆ.

ಸೂರ್ಯನು ಬೆನ್ನಿಗಿರಬೇಕೆಂಬುದು ಹಳೆಯ ಛಾಯಾಗ್ರಾಹಕರ ಸೂತ್ರ. ಆದುದರಿಂದ ಇಳಿಹೊತ್ತಿನ ಚಿತ್ರಗಳಲ್ಲಿ ತೆಗೆಯುವವನ ನೆರಳೇ ನೆಲದ ಮೇಲೆ ಚಾಚಿಕೊಂಡಿರುತ್ತದೆ. ಹಣ ಕೂಡಿಸಿ, ಮಕ್ಕಳನ್ನು ಕರೆತಂದು, ಬಳಲಿದವರನ್ನು ಹೆಗಲ ಮೇಲೆ ಹೊತ್ತ ತಂದೆ ಒಂದು ಚಿತ್ರದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ದಾಸೋಹದ ನಿಜವಾದ ಲಕ್ಷಣವೇ ಇದಲ್ಲವೇ? ಮಾಡುವವನು ತೋರಿಕೊಳ್ಳನು. ಅವನು ಅಲ್ಲಿದ್ದನೆಂಬುದಕ್ಕೆ ಉಳಿದಿರುವ ಕುರುಹು ಆ ನೆರಳೊಂದೇ. ಅದನ್ನು ದೋಷವೆಂದು ಅಳಿಸಿದರೆ ಚಿತ್ರ ಸುಂದರವಾದೀತು; ತಂದೆ ಎರಡನೆಯ ಸಲ ಇಲ್ಲವಾಗುವನು.

ಬಸವಾದಿ ಶರಣರು ತಮ್ಮ ಕುಂದುಗಳನ್ನು ವಚನಗಳಲ್ಲಿ ಮುಚ್ಚಿಡಲಿಲ್ಲ. ಅವನ್ನೇ ದೇವನ ಮುಂದೆ ಬಿಚ್ಚಿಟ್ಟರು. ಹೊರಗಣ ಹೊಳಪಿಗಿಂತ ಒಳಗಣ ನಿಜವೇ ಹಿರಿದೆಂಬುದು ಅವರ ನಡೆ. ಹೀಗಿರಲು ಗೃಹಸ್ಥನು ತನ್ನ ಮನೆಯ ಹಳೆಯ ಚಿತ್ರಗಳನ್ನು ಧೂಳೊರೆಸಿ, ಇದ್ದಂತೆಯೇ ಕಾಪಾಡಲಿ. ಮೂಲವನ್ನು ಎಂದಿಗೂ ಕಳೆಯದಿರಲಿ. ಚಿತ್ರದ ಬೆನ್ನಿನ ಮೇಲೆ ಅದರಲ್ಲಿರುವವರ ಹೆಸರುಗಳೊಡನೆ, ಅದನ್ನು ತೆಗೆದವರ ಹೆಸರನ್ನೂ ಬರೆದಿಡಲಿ.