ಬಾಲಕನ ಪ್ರವ್ರಜ್ಯೆ, ತಂದೆತಾಯಿಯ ಒಪ್ಪಿಗೆ

ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನ ಗಾಂಧಿನಗರದಲ್ಲಿ 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಅನೇಕ ಬಾಲಕರು ಸಾಮಣೇರರಾಗಿ, ಅಂದರೆ ಇನ್ನೂ ಪೂರ್ಣ ಭಿಕ್ಷುಗಳಾಗದ ಕಿರಿಯ ಶ್ರಮಣರಾಗಿ, ಶಿಕ್ಷಣ ಪಡೆದಿದ್ದಾರೆ. ಥೇರವಾದ ಪರಂಪರೆಯಲ್ಲಿ ಈ ಪ್ರವೇಶವಿಧಿಗೆ ಪಬ್ಬಜ್ಜಾ, ಸಂಸ್ಕೃತದಲ್ಲಿ ಪ್ರವ್ರಜ್ಯೆ, ಎಂದು ಹೆಸರು. ತಲೆ ಬೋಳಿಸುವ ಸಂದರ್ಭದಲ್ಲಿ ಕೂದಲು, ರೋಮ, ಉಗುರು, ಹಲ್ಲು, ಚರ್ಮ ಎಂಬ ಐದನ್ನು ಪಾಳಿಯಲ್ಲಿ ಮೊದಲು ನೇರವಾಗಿಯೂ ಬಳಿಕ ಹಿಂದುಮುಂದಾಗಿಯೂ ಹೇಳಿಸುವುದು ದೇಹಮೋಹವನ್ನು ಸಡಿಲಿಸುವ ಮೊದಲ ಧ್ಯಾನಪಾಠ. ಆಮೇಲೆ ಹುಡುಗನು ಕಾಷಾಯದ ಚೀವರ ಉಟ್ಟು, ಬುದ್ಧ, ಧಮ್ಮ, ಸಂಘಗಳಿಗೆ ಮೂರು ಬಾರಿ ಶರಣುಹೋಗಿ, ಮಧ್ಯಾಹ್ನ ಕಳೆದ ಮೇಲೆ ಉಣ್ಣದಿರುವುದು, ಹಣ ಸ್ವೀಕರಿಸದಿರುವುದು ಮೊದಲಾದ ಹತ್ತು ಶೀಲಗಳನ್ನು ಸ್ವೀಕರಿಸುತ್ತಾನೆ.

ತನ್ನದೆಂಬುದು ಏನೂ ಇಲ್ಲದ ಹುಡುಗನು ತ್ಯಜಿಸುವುದಾದರೂ ಏನನ್ನು? ಈ ಪ್ರಶ್ನೆ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕಕ್ಕೆ ಹೊಸದಲ್ಲ. ಮೊಮ್ಮಗ ರಾಹುಲನೂ ಮನೆ ಬಿಟ್ಟಾಗ ಬುದ್ಧನ ತಂದೆ ಶುದ್ಧೋದನನು ತನ್ನ ಸಂಕಟವನ್ನು ತೋಡಿಕೊಂಡದ್ದರಿಂದ, ತಂದೆತಾಯಿಯ ಅನುಮತಿಯಿಲ್ಲದೆ ಮಕ್ಕಳಿಗೆ ಪ್ರವ್ರಜ್ಯೆ ಕೊಡಬಾರದೆಂದು ಬುದ್ಧನು ವಿಧಿಸಿದನು. ಆದರೆ ಅನುಮತಿ ಯಾವ ಲೆಕ್ಕಾಚಾರದಿಂದ ಹುಟ್ಟೀತು ಎಂಬುದನ್ನು ಅದೇ ಪಿಟಕದ ಮಹಾವಗ್ಗ ಭಾಗದಲ್ಲಿ ಬರುವ ಉಪಾಲಿ ಎಂಬ ಬಾಲಕನ ಪ್ರಸಂಗ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ: ಬರವಣಿಗೆ ಕಲಿತರೆ ಮಗನ ಬೆರಳು ನೊಂದೀತು, ಲೆಕ್ಕ ಕಲಿತರೆ ಎದೆ ನೊಂದೀತು, ನಾಣ್ಯ ಪರೀಕ್ಷೆ ಕಲಿತರೆ ಕಣ್ಣು ನೊಂದೀತು ಎಂದು ಅಳೆದು ಸುರಿದ ಹೆತ್ತವರು, ಉಂಡು ಸುಖವಾಗಿರುವ ಭಿಕ್ಷುಗಳ ಬದುಕೇ ಲೇಸೆಂದು ಕಂಡರು. ಹೀಗೆ ಸಂಘ ಸೇರಿದ ಉಪಾಲಿ ಮತ್ತು ಅವನ ಗೆಳೆಯರು, ಒಟ್ಟು ಹದಿನೇಳು ಹುಡುಗರು, ನಸುಕಿನಲ್ಲೆದ್ದು ಗಂಜಿಗಾಗಿ ಅತ್ತರು. ಆದ್ದರಿಂದಲೇ ಪೂರ್ಣದೀಕ್ಷೆಯಾದ ಉಪಸಂಪದೆಗೆ 20 ವರ್ಷ ತುಂಬಿರಬೇಕೆಂಬ ನಿಯಮ ಬಂದಿತು. ಸಾಮಣೇರನಿಗೆ 15 ಸಾಕೆನಿಸಿತು. ರೋಗಕ್ಕೆ ಮನೆಮಂದಿಯನ್ನು ಕಳೆದುಕೊಂಡ ಇಬ್ಬರು ಬಾಲಕರ ನಿಮಿತ್ತ, ಕಾಗೆಯನ್ನು ಓಡಿಸಬಲ್ಲಷ್ಟು ಬೆಳೆದಿದ್ದರೆ ಅದಕ್ಕೂ ಮುಂಚೆ ಸೇರಿಸಿಕೊಳ್ಳಬಹುದೆಂಬ ಸಡಿಲಿಕೆಯೂ ದೊರೆಯಿತು. ಅನಾಥರಿಗೆ ಆಸರೆಯಾಗುವುದನ್ನು ಸಂಘವು ಆಗಲೇ ತನ್ನ ಹೊಣೆಯೆಂದು ಒಪ್ಪಿಕೊಂಡಿತ್ತು.

ಹೀಗಾಗಿ ಬಾಲಕನ ಪಬ್ಬಜ್ಜೆಯನ್ನು ವೈರಾಗ್ಯದ ಅಳತೆಗೋಲಿನಿಂದ ಅಳೆಯುವುದು ಸಲ್ಲದು. ಅದು ಗುರುವಿನ ಬಳಿಯ ವಾಸ, ಬೇಡವೆನಿಸಿದಾಗ ಚೀವರ ಕಳಚಿ ಮನೆಗೆ ಮರಳಲು ಅಡ್ಡಿಯಿಲ್ಲದ ವಾಸ. ಬರ್ಮಾದಲ್ಲಿ ಶಿನ್‌ಪ್ಯೂ ಎಂಬ ಪಬ್ಬಜ್ಜಾ ವಿಧಿಯ ಬಳಿಕ ಹುಡುಗರು ಕೆಲವು ದಿನ ಅಥವಾ ವಾರ ವಿಹಾರದಲ್ಲಿದ್ದು ಹಿಂದಿರುಗುವುದು ವಾಡಿಕೆ, ಮನೆಯೂ ಹೆಚ್ಚಾಗಿ ಹತ್ತಿರದಲ್ಲೇ ಇರುತ್ತದೆ. ಆದರೆ ತ್ರಿಪುರಾದಿಂದಲೋ ಅರುಣಾಚಲದಿಂದಲೋ ಬೆಂಗಳೂರಿಗೆ ಬಂದ ಬಡ ಹುಡುಗನಿಗೆ ಊಟ, ಶಾಲೆ, ಹಾಸಿಗೆ ಮೂರೂ ಚೀವರದೊಡನೆ ಬಂದಿದ್ದರೆ, ಮರಳುವ ಸ್ವಾತಂತ್ರ್ಯ ಗ್ರಂಥದಲ್ಲಿ ಮಾತ್ರ ಉಳಿಯುತ್ತದೆ. ಚೀವರ ಬಿಟ್ಟವನಿಗೂ ಓದು ಮುಗಿಯುವವರೆಗೆ ಅದೇ ಶಾಲೆಯಲ್ಲಿ ಜಾಗ ಉಳಿಸಿಕೊಡುವ ವಿಹಾರವೇ ವಿನಯದ ಆಶಯಕ್ಕೆ ಹತ್ತಿರವಾದುದು.